ಟಿಪ್ಪರಿನ ಖಾಲಿ ತೂಕ

ಸೋಮವಾರ, ಬೆಳಿಗ್ಗೆ ಏಳು ಗಂಟೆ. ಬ್ಯಾಡಗಿಯಲ್ಲಿ ಗಾಡಿ ತೂಗುವ ವೇಬ್ರಿಜ್ ಮುಂದೆ ನಾನು, ನನ್ನ ತಂಗಿಯ ಮಗಳು, ಅವಳ ಗಂಡ. ಜೊತೆಗೆ ಅವನು ಕೊಂಡ ಹಳೆಯ ಟಿಪ್ಪರು. ರಾಣೆಬೆನ್ನೂರಿನಲ್ಲಿ ಅದಕ್ಕೆ ದಪ್ಪ ತಗಡಿನ ಹೊಸ ಬಾಡಿ ಕಟ್ಟಿಸಿದ್ದ. ಆಮೇಲೆ ಒಮ್ಮೆಯೂ ತೂಗಿಸಿರಲಿಲ್ಲ. ಆದರೂ ಹಾವೇರಿಯ ರಸ್ತೆ ಗುತ್ತಿಗೆದಾರನಿಗೆ, ಸಲಕ್ಕೆ ಹತ್ತು ಟನ್ ಜಲ್ಲಿಕಲ್ಲಿನ ಖಡಿ ತರುತ್ತೇನೆಂದು ಮಾತು ಕೊಟ್ಟಿದ್ದ. ಅದಕ್ಕಿಂತ ಕಡಿಮೆ ಹೊರುವ ಗಾಡಿ ಅಲ್ಲಿ ಬೇಡ. ಮಿತಿ ಮೀರಿ ಹೇರಿದರೆ ದಾರಿಯಲ್ಲೇ ಹಿಡಿಯುತ್ತಾರೆ.

ಬಸ್ ಡಿಪೋದಲ್ಲಿ ದುಡಿದು ನಿವೃತ್ತನಾದ ನನಗೆ ಇಂಥದ್ದು ಕಂಡರೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಅವನನ್ನು ಕೆಳಗಿಳಿಸಿ ಗಾಡಿ ತೂಗಿಸಿದೆ. 8,720 ಕೆ.ಜಿ. ಹೊರೆ ಸಹಿತ ಅದಕ್ಕಿರುವ ಮಿತಿ 18,500. ಕಳೆದರೆ ಉಳಿಯುವುದು 9,780.

ಅವನ ಮುಖ ಸಣ್ಣದಾಯಿತು. "ಮಾವಾರ, ಸ್ಟೆಪ್ನಿ, ಜಾಕ್ ಇಳಿಸಿ ತೂಗೋಣ್ರಿ."

"ದಾರ್ಯಾಗ ಪಂಕ್ಚರ್ ಆದ್ರ ನಿಮ್ಮ ಹೆಗಲಾ ಕೊಡ್ತೀರೇನ್ರಿ ಅಳಿಯಾರ? ಗಾಡಿ ಜೋಡಿ ಇರೋ ಸಾಮಾನೆಲ್ಲಾ ಖಾಲಿ ತೂಕದಾಗ ಬರತೈತಿ. ಡ್ರೈವರ್ ಅಷ್ಟ ಬರೂದಿಲ್ಲ."

ಗುತ್ತಿಗೆದಾರನ ಫೋನ್ ಬಂತು. ಹನ್ನೊಂದರೊಳಗೆ ಮೊದಲ ಲೋಡ್ ಬರದಿದ್ದರೆ ಬೇರೆ ಗಾಡಿ ಕರೆಸುತ್ತಾನಂತೆ. ನಾನು ಟಿಪ್ಪರಿನ ಸುತ್ತ ತಿರುಗಿದೆ. ಹಿಂದಿನ ದಿನ ಪೂಜೆಗೆಂದು ತೊಳೆದ ಮುಂಭಾಗ ಹೊಳೆಯುತ್ತಿತ್ತು. ಗಾಲಿಗೆ ಕುಂಕುಮ, ಬಂಪರಿಗೆ ನಿಂಬೆಹಣ್ಣು. ಬಾಡಿಯೊಳಗೆ ಮಾತ್ರ ಯಾರೂ ಇಣುಕಿರಲಿಲ್ಲ. ಹತ್ತಿ ನೋಡಿದೆ. ಮೇಡ್ಲೇರಿಯ ಹೊಲವೊಂದಕ್ಕೆ ಈಚೆಗೆ ಹೊತ್ತಿದ್ದ ಕಪ್ಪು ಎರಿಮಣ್ಣು ತಳಕ್ಕೆ, ಮೂಲೆಗಳಿಗೆ ಅಂಟಿ ಒಣಗಿ ಕಲ್ಲಾಗಿತ್ತು.

"ಮನ್ಯಾಗೂ ಹಂಗ ನೋಡ್ರಿ ಮಾಮಾ," ಎಂದಳು ತಂಗಿಯ ಮಗಳು. "ಮಾರಿ ತೊಳಕೊಂಡ್ರ ಇವರ ಜಳಕಾ ಮುಗೀತು."

ನಗಲು ಪುರುಸೊತ್ತಿರಲಿಲ್ಲ. ಗಾಡಿ ಬದಿಗೆ ಹಾಕಿ, ಹಾರೆ, ಸಲಿಕೆ ಹಿಡಿದು ಮೂವರೂ ಕೆರೆದೆವು. ಮತ್ತೆ ತೂಗಿದಾಗ 8,380. ಉಳಿದದ್ದು 10,120. ಅದರಲ್ಲಿ ಡ್ರೈವರಾಗಿ ಅವನದೇ ಎಂಬತ್ತು ಕಳೆದರೆ 10,040.

"ನಲವತ್ತ ಕೆ.ಜಿ. ಅಷ್ಟ ಮಿಕ್ಕೈತಿ," ಎಂದಳು ಅವಳು. "ಇವರಿಗೆ ಇನ್ನ ಹೋಳಿಗಿ ಬಂದ್!"

ಹತ್ತಿರದ ಕ್ರಷರಿನಿಂದ ಖಡಿ ಹೇರಿಸಿ ತಂದು, ಮತ್ತೆ ತೂಗಿ ಹತ್ತು ಟನ್ನಿಗೆ ಸರಿ ಮಾಡಿಸಿದೆ. ಖಡಿಯನ್ನು ಸಮ ಹರಡಿ, ಮುಂದಿನ ಲೋಡಿಗೆ ಗುರುತಾಗಲೆಂದು ಅದರ ಮಟ್ಟಕ್ಕೆ ಬಾಡಿಯ ಒಳಬದಿಯಲ್ಲಿ ಬಿಳಿ ಬಣ್ಣದ ಗೆರೆ ಎಳೆದೆ. ಗಾಡಿ ಹಾವೇರಿ ದಾರಿ ಹಿಡಿದ ಮೇಲೂ ಕೂರಲಾಗಲಿಲ್ಲ. ಗಡಿಯಾರ ನೋಡುತ್ತ ವೇಬ್ರಿಜ್ ಅಂಗಳದಲ್ಲೇ ಅಡ್ಡಾಡಿದೆ. ಹನ್ನೊಂದಕ್ಕೆ ಸ್ವಲ್ಪ ಮುಂಚೆ ಅವನ ಫೋನ್ ಬಂತು: "ಇಳಿಸಿದ್ನಿರಿ ಮಾವಾರ. ನಾಳಿಂದ ದಿನಾ ಬಾ ಅಂದಾರ."

ಸಂಜೆ ಅವನು ಬಂದಾಗ ಮೊದಲು ಬಾಡಿ ಹತ್ತಿ ಮೂಲೆ ನೋಡಿದೆ. ಚೊಕ್ಕಟವಾಗಿತ್ತು. ಸಲಿಕೆಯನ್ನು ಕ್ಯಾಬಿನ್ ಹಿಂದೆ ಬಿಗಿದು ಕಟ್ಟಿದೆ. ಅದರ ಭಾರವನ್ನೂ ಆ ನಲವತ್ತರಲ್ಲಿ ಕಳೆದು, ಕೈ ತೊಳೆದುಕೊಂಡೆ.