ಪರದೆಯಕ್ಕ ಬರೆದ ಕೋಣೆ

ನಾಟಕಗಳಿಗೆ ಹಿನ್ನೆಲೆಯ ಪರದೆ ಬರೆಯುತ್ತಿದ್ದುದರಿಂದ ಅವಳಿಗೆ ಪರದೆಯಕ್ಕ ಎಂದೇ ಹೆಸರು ಬಿದ್ದಿತ್ತು. ಮೂವತ್ತೊಂದು ವರ್ಷ ಅರಮನೆ, ಕಾಡು, ಸೆರೆಮನೆ ಎಂದು ಹೇಳಿದ್ದನ್ನೆಲ್ಲ ಬರೆದಳು. ರಂಗಮಂದಿರದವರು ದೊಡ್ಡ ಎಲ್‌ಇಡಿ ತೆರೆ ತಂದು ನಿಲ್ಲಿಸಿದ ಮೇಲೆ ಕಾರ್ಯಾಗಾರಕ್ಕೆ ಬೀಗ ಬಿತ್ತು.

ಅವಳು ಆ ಕಸುಬನ್ನು ಬಯಸಿ ಹಿಡಿದವಳಲ್ಲ. ಹದಿನೇಳರಲ್ಲಿ ಅವಳಿಗೆ ಚಿತ್ರಕಲಾ ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಅಪ್ಪ ಇರಲಿಲ್ಲ, ಮನೆಯ ಯಜಮಾನಿಕೆ ಅಣ್ಣನದು. ಬೇಡವೆಂದ. ಇವಳು ಜಪ್ಪಯ್ಯ ಅಂದರೂ ಹಟ ಬಿಡಲಿಲ್ಲ. ಹಿತ್ತಿಲ ಕಡೆಯ ಸಾಮಾನಿನ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದ. ಎರಡು ದಿನ ಕಳೆದು, ಸಂದರ್ಶನ ಮುಗಿದ ಮೇಲೇ ತೆಗೆದದ್ದು. ಮರುವಾರ, ನಾಲ್ಕು ಕಾಸು ತರಲಿ ಎಂದು ತನ್ನ ಗೆಳೆಯನ ಪರದೆ ಕಾರ್ಯಾಗಾರಕ್ಕೆ ಸೇರಿಸಿದ. ಹೊಸದಾಗಿ ಮದುವೆಯಾಗಿ ಬಂದಿದ್ದ ಅತ್ತಿಗೆ ಆಗ ತವರಿಗೆ ಹೋಗಿದ್ದಳೆಂದು ಅಣ್ಣ ಹೇಳಿದ್ದ. ಅತ್ತಿಗೆ ಇದ್ದಿದ್ದರೆ ಬಾಗಿಲು ತೆಗೆಯುತ್ತಿದ್ದಳು ಎಂಬ ನಂಬಿಕೆಯಿಂದಲೇ ಪರದೆಯಕ್ಕ ಅಣ್ಣನ ಮನೆಯ ಮೆಟ್ಟಿಲು ಹತ್ತುತ್ತಿದ್ದಳು.

ಕೆಲಸ ಹೋದ ವರ್ಷ, ಕಲಾಕೇಂದ್ರದ ಟೀಚರೊಬ್ಬಳು ಅವಳನ್ನು ಹುಡುಕಿಕೊಂಡು ಬಂದಳು. ವರ್ಚುವಲ್ ರಿಯಾಲಿಟಿಯಲ್ಲಿ ಚಿತ್ರ ಬರೆಯಲು ಕಲಿಯುತ್ತಿದ್ದ ಮಕ್ಕಳಿಗೆ ದೂರ–ಹತ್ತಿರದ ಅಂದಾಜು ಹೇಳಿಕೊಡುವವರು ಬೇಕಾಗಿತ್ತಂತೆ. ಮುಖಕ್ಕೆ ದಪ್ಪ ಕನ್ನಡಕದಂಥ ಹೆಡ್‌ಸೆಟ್ ಕಟ್ಟಿ, ಎರಡು ಕೈಗೂ ಒಂದೊಂದು ಹಿಡಿಕೆ ಕೊಟ್ಟರು. ಗಾಳಿಯಲ್ಲಿ ಕೈ ಎಳೆದರೆ ಗೆರೆ ಅಲ್ಲೇ ನಿಂತಿತು. ಪರದೆಯಕ್ಕ ಅದರ ಸುತ್ತ ಒಂದು ಸುತ್ತು ನಡೆದು ಬಂದಳು.

“ಹಿಂದೆ ಹೋಗಿ ನೋಡಬಹುದಲ್ಲೇ ಇದನ್ನ!”

“ಒಳಗೂ ಹೋಗಬಹುದು ಅಕ್ಕ.”

ಏಳು ತಿಂಗಳು, ಅಣ್ಣ ಕೂಡಿಹಾಕಿದ್ದ ಆ ಕೋಣೆಯನ್ನೇ ಬರೆದಳು. ತಗಡಿನ ಮಾಡು, ಗೋಣಿಚೀಲ, ಮುರಿದ ತೊಟ್ಟಿಲು, ಬಾಗಿಲ ಸಂದಿನಿಂದ ನೆಲಕ್ಕೆ ಬೀಳುವ ಬೆಳಕು. ಎಲ್ಲವೂ ನೆಲದ ಮೇಲೆ ಕೂತವಳ ಕಣ್ಣಿನ ಎತ್ತರಕ್ಕೆ. ಕಲಾಕೇಂದ್ರದಲ್ಲಿ ಇಟ್ಟ ಅದರ ಪ್ರದರ್ಶನಕ್ಕೆ ಅಣ್ಣ-ಅತ್ತಿಗೆಯನ್ನು ತಾನೇ ಹೋಗಿ ಕರೆದಳು. ಅಣ್ಣನನ್ನು ಅದರೊಳಗೆ ಒಂದು ಸಲ ಕೂರಿಸಬೇಕಿತ್ತು, ಅಷ್ಟೆ.

ಮಂಡಿನೋವಿನ ಅಣ್ಣ ಉಸ್ಸೆಂದು ಸ್ಟೂಲಿನ ಮೇಲೆ ಕೂತು ಹೆಡ್‌ಸೆಟ್ ಹಾಕಿಸಿಕೊಂಡ. ಒಳಗಿರುವವರು ಏನು ನೋಡುತ್ತಾರೋ ಅದು ಹೊರಗಿನ ಟಿವಿಯಲ್ಲೂ ಕಾಣುತ್ತಿತ್ತು. ಪರದೆಯಕ್ಕ ಅದನ್ನೇ ದಿಟ್ಟಿಸಿ ನಿಂತಳು. ಅಣ್ಣ ಮಾಡು ನೋಡಿದ, ಚೀಲ ನೋಡಿದ, ತೊಟ್ಟಿಲು ನೋಡಿದ. ಬಾಗಿಲು ಅವನ ಬೆನ್ನ ಹಿಂದಿತ್ತು. ಅತ್ತ ತಿರುಗಲೇ ಇಲ್ಲ.

“ಭಲೇ! ಹಂಗಂಗೇ ಬರ್ದಿದೀಯ,” ಎಂದು ಹೆಡ್‌ಸೆಟ್ ಕಳಚಿದ. “ಆ ತೊಟ್ಟಿಲಲ್ಲೇ ನಿನ್ನ ತೂಗ್ತಿದ್ದಿದ್ದು ನಾನು.”

“ಬಾಗಿಲು ನೋಡಿದ್ಯಾ ಅಣ್ಣ?”

“ಬಾಗಿಲಾ? ಎಲ್ಲಿತ್ತು?”

ಅಷ್ಟರಲ್ಲಿ ಅತ್ತಿಗೆ ಸ್ಟೂಲಿನ ಮೇಲೆ ಕೂತಾಗಿತ್ತು. ಹೆಡ್‌ಸೆಟ್ ಹಾಕಿದ ತಕ್ಷಣ ಹಿಂದಕ್ಕೆ ತಿರುಗಿದಳು. ಟಿವಿಯ ತುಂಬ ಬಾಗಿಲೇ. ಬಹಳ ಹೊತ್ತು ಅದು ಅಲ್ಲಾಡಲಿಲ್ಲ. ಹೆಡ್‌ಸೆಟ್ ತೆಗೆದಾಗ ಅತ್ತಿಗೆಯ ಕೆನ್ನೆ ಒದ್ದೆಯಾಗಿತ್ತು.

“ನೀನು ಬಡಿದಿದ್ದು ಎಲ್ಲಾ ಕೇಳಿಸ್ತಿತ್ತು ಕಣೇ,” ಎಂದಳು ಮೆಲ್ಲಗೆ.

“ನೀನು ತವರಲ್ಲಿದ್ಯಲ್ಲ?”

ಅತ್ತಿಗೆ ಗಂಡನ ಕಡೆ ನೋಡಿದಳು. ಅವನು ಚಪ್ಪಲಿ ಹುಡುಕುತ್ತಿದ್ದ.

“ಇಲ್ಲ. ಬಾಗಿಲ ಆಚೆ ಕಡೇನೇ ನಿಂತಿದ್ದೆ.”

“ಚಿಲಕ ಕೈಗೆ ಎಟುಕ್ತಿತ್ತಾ?”

“ಎಟುಕ್ತಿತ್ತು.”

“ನಡಿ ನಡಿ, ಬಸ್ಸು ತಪ್ಪುತ್ತೆ,” ಎಂದ ಅಣ್ಣ.

ಪರದೆಯಕ್ಕ ಬಟ್ಟೆಯಿಂದ ಹೆಡ್‌ಸೆಟ್‌ನ ಒಳಬದಿ ಒರೆಸಿದಳು. ಅತ್ತಿಗೆಯ ಕಣ್ಣೀರಿನಿಂದ ಗಾಜು ಮಬ್ಬಾಗಿತ್ತು. ಎರಡೆರಡು ಸಲ ಒರೆಸಬೇಕಾಯಿತು. ಸಾಲಿನಲ್ಲಿ ಕಾಯುತ್ತಿದ್ದವರನ್ನು ಕರೆದು ಕೂರಿಸಿದಳು.

ಅಂದಿನಿಂದ ಅವಳು ಅಣ್ಣನ ಮನೆಗೆ ಹೋಗಿಲ್ಲ. ಅತ್ತಿಗೆ ಫೋನ್ ಮಾಡುತ್ತಾಳೆ, ಇವಳು ಎತ್ತುವುದಿಲ್ಲ. ಅಣ್ಣನ ಮೇಲಿದ್ದ ಸಿಟ್ಟಿಗಾದರೂ ಒಂದು ಹಳೆಯ ಜಾಗವಿತ್ತು. ಇದನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಅಣ್ಣ ಮಾತ್ರ ಮರುವಾರ ಪ್ರದರ್ಶನಕ್ಕೆ ಮತ್ತೆ ಬಂದ. ಜೊತೆಗೆ ಬೀಗರು, ಅವರ ಮಗಳು, ಅಳಿಯ. “ನಮ್ಮ ಹಳೇ ಮನೇನ ನನ್ನ ತಂಗಿ ಮಿಷಿನ್ನೊಳಗೆ ಇಟ್ಬಿಟ್ಟಿದಾಳೆ, ನೋಡಿ ಬನ್ನಿ,” ಎಂದು ಹಾಲಿಗೆಲ್ಲ ಕೇಳುವಂತೆ ಹೇಳಿದ.

ಪರದೆಯಕ್ಕ ಸ್ಟೂಲು ಸರಿಸಿ, “ಮೊದಲು ಯಾರು ಕೂತ್ಕೋತೀರಿ?” ಎಂದಳು.