ಬಸುವಿಗಿಂತ ಮೊದಲು ನೋಡಿದ ಬ್ಯಾಂಡು

ನಾನು ಕಂಬಿಯ ಮೇಲೆ ಹಾಸಿ ಹೋಗಿದ್ದ ದಸ್ತಿಯನ್ನು, ನನ್ನ ಕರವಸ್ತ್ರವನ್ನು, ಆರಡಿ ಎತ್ತರದ ಒಬ್ಬ ಹೆಂಗಸು ಎರಡೇ ಬೆರಳಲ್ಲಿ ಹಿಡಿದುಕೊಂಡು, ಇದು ಯಾರದ್ದು, ಇದು ಯಾರದ್ದು ಎಂದು ಕೇಳುತ್ತ ಜನರ ನಡುವೆ ಓಡಾಡುತ್ತಿದ್ದಳು. ಮೈಮೇಲೆ ಕರಿ ಚರ್ಮದ ಜಾಕೀಟು, ಕೊರಳತನಕ ಹಚ್ಚೆ, ಬೆನ್ನ ಮೇಲೊಂದು ತಲೆಬುರುಡೆಯ ಚಿತ್ರ. ಹುಕ್ಕೇರಿಯಲ್ಲಿರುವ ನನ್ನ ಖಾಲಾನ, ಅಂದರೆ ಅಮ್ಮಿಯ ಅಕ್ಕನ, ವಯಸ್ಸಿನವಳು. ನಾನು ನೀರು ಕುಡಿದು ಬರುವಷ್ಟರಲ್ಲಿ ಮೆಟಲ್ ಸಂಗೀತದ ಹಬ್ಬದ ವೇದಿಕೆಯ ಮುಂದಿನ ನನ್ನ ಜಾಗದಲ್ಲಿ ಮೂವರು ನಿಂತಾಗಿತ್ತು.

ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಓಡಾಡಿದವರಿಗೆ ದಸ್ತಿಯ ಮಹಿಮೆ ಹೇಳಬೇಕಿಲ್ಲ. ಕಿಟಕಿಯಿಂದ ಒಳಗೆ ಒಗೆದರೆ ಮುಗಿಯಿತು, ಆ ಸೀಟು ನಮ್ಮದು. ಅದರ ಮೇಲೆ ಕೂತವನಿಗೆ ಇಡೀ ಬಸ್ಸೇ ಬೈಯುತ್ತದೆ. ಜರ್ಮನಿಯಲ್ಲಿ ಮಾತ್ರ ಬಿದ್ದ ಬಟ್ಟೆ ಎಂದರೆ ಯಾರೋ ಕಳೆದುಕೊಂಡ ಬಟ್ಟೆ, ಅಷ್ಟೇ. ನನಗೆ ಬರುವ ಹರಕು ಜರ್ಮನಿನಲ್ಲಿ ನಾನು ನಮ್ಮ ಪದ್ಧತಿಯನ್ನು ವಿವರಿಸಿದಾಗ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಲ್ಲಿ ಜಾಗ ಬೇಕಿದ್ದರೆ ನಾವೇ ನಿಂತಿರಬೇಕಪ್ಪಾ," ಎಂದು ದಸ್ತಿಯನ್ನು ನೀಟಾಗಿ ಮಡಚಿ ಕೈಗೆ ಕೊಟ್ಟಳು.

ನಾನು ಕೊಣ್ಣೂರಿನವನು. ಎರಡು ವರ್ಷದ ಹಿಂದೆ ನರ್ಸ್ ಕೆಲಸಕ್ಕೆಂದು ಇಲ್ಲಿನ ಒಂದು ಸಣ್ಣ ಊರಿನ ವೃದ್ಧಾಶ್ರಮಕ್ಕೆ ಬಂದೆ. ಇರುವುದು ಅಟ್ಟದ ಮೇಲಿನ ಒಂದು ಕೋಣೆಯಲ್ಲಿ, ನೇರವಾಗಿ ನಿಂತರೆ ತಲೆಗೆ ತೊಲೆ ಬಡಿಯುತ್ತದೆ. ಮೊದಲ ವಾರವೇ ಕಲಿತ ಶಬ್ದ ರೂಹೆಝೈಟ್, ಗಪ್ಪಗಿರುವ ಹೊತ್ತು. ದಿನಾ ಮಧ್ಯಾಹ್ನ, ಮತ್ತೆ ಐತವಾರ ಇಡೀ ದಿನ, ಮನೆಯಲ್ಲಿ ಸದ್ದು ಮಾಡಬಾರದು. ನಮ್ಮಲ್ಲಿ ಹತ್ತು ಮನೆ ಆಚೆಯ ಮಿಕ್ಸರ್ ಸದ್ದಿನಿಂದ ಇವತ್ತು ಅಲ್ಲಿ ಏನು ಚಟ್ನಿ ಎಂದು ಹೇಳಬಹುದು. ಇಲ್ಲಿ ಬಾಜೂ ಕೋಣೆಯವನು ಇದ್ದಾನೋ ಇಲ್ಲವೋ ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ಇಂಥ ಗಪ್ಪುಜನ ಇಷ್ಟು ಗದ್ದಲದ ಸಂಗೀತವನ್ನು ಹೇಗೆ ಹಚ್ಚಿಕೊಂಡರೋ ಎಂದು ಈಗಲೂ ಸೋಜಿಗ.

ಈ ಹುಚ್ಚು ನನಗೆ ಹಿಡಿಸಿದವನು ಗೆಳೆಯ ಬಸು. ಗೋಕಾಕದಲ್ಲಿ ಪಿಯುಸಿ ಓದುವಾಗ ನನ್ನ ಮೆಮೊರಿ ಕಾರ್ಡಿಗೆ ಈಗ ನಾನು ನೋಡಲು ಬಂದ ಈ ಬ್ಯಾಂಡಿನ ಹಾಡು ತುಂಬಿಸಿಕೊಟ್ಟ. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಬಂಡೆಯ ಮೇಲೆ ಕೂತು, ನೀರಿನ ಸದ್ದು ಮೀರುವ ತನಕ ಸ್ಪೀಕರಿನ ದನಿ ಏರಿಸುತ್ತಿದ್ದೆವು. ಈಗ ಅವನದು ಮೂಡಲಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಹುಟ್ಟೂರು ನಾಗನೂರಿನ ಭಜನಾ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಾನೆ. ಅವನ ಕಿವಿ ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನಾನು ಬರೀ ತಲೆ ಅಲ್ಲಾಡಿಸುತ್ತಿದ್ದೆ, ಅವನು ಕೇಳುತ್ತಿದ್ದ.

ಆ ಬ್ಯಾಂಡನ್ನು ಕಣ್ಣಾರೆ ನೋಡುವುದಾದರೆ ಇಬ್ಬರೂ ಕೂಡಿಯೇ ನೋಡಬೇಕು ಎಂದು ಆ ಬಂಡೆಯ ಮೇಲೆ ಆಣೆ ಮಾಡಿದ್ದೆವು. ಟಿಕೆಟ್ ತೆಗೆದ ದಿನ ಅವನಿಗೆ ಹೇಳಲಿಲ್ಲ. ಮರೆತದ್ದಲ್ಲ. ಒಮ್ಮೆಯಾದರೂ ಅವನಿಗಿಂತ ಮುಂದೆ ಹೋಗಬೇಕಿತ್ತು, ಒಮ್ಮೆಯಾದರೂ ಅವನ ಹೊಟ್ಟೆ ಉರಿಯಬೇಕಿತ್ತು.

ಆದರೆ ಉರಿದದ್ದು ನನ್ನದೇ. ದಸ್ತಿಯ ಹೆಂಗಸು ಗೆಳತಿಯ ಜೊತೆ ಬಂದಿದ್ದಳು. ಈ ಬ್ಯಾಂಡನ್ನು ನೋಡುತ್ತಿರುವುದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇವೆ ಎಂದಳು. ಬಾಜೂದಲ್ಲಿ ಒಬ್ಬ ಅಪ್ಪ ಪುಟ್ಟ ಮಗಳ ಕಿವಿಗೆ ಸದ್ದು ತಡೆಯುವ ದಪ್ಪನೆಯ ಮುಚ್ಚಳ ಹಾಕಿ ಹೆಗಲ ಮೇಲೆ ಕೂರಿಸಿಕೊಂಡಿದ್ದ. ನಮಗೆ ಫಾಲ್ಸ್ ಹೇಗೋ ಇವರಿಗೆ ಇದು ಹಾಗೆ, ಬೇಕೆಂದಾಗ ಬಂದು ನೋಡಿ ಹೋಗುವುದು. ಆ ಮಗುವಿನ ಮೇಲೂ ನನಗೆ ಮತ್ಸರವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಬಿಸಿಲು ಇನ್ನೂ ಚುರುಗುಡುತ್ತಿರುವಾಗಲೇ ಬ್ಯಾಂಡು ವೇದಿಕೆಗೆ ಬಂತು. ಮೊದಲ ಏಟಿಗೆ ಎದೆಯ ಎಲುಬು ನಡುಗಿತು. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಎರಡನೇ ಹಾಡಿಗೆ ತಡೆಯಲಾಗದೆ ಬಸುವಿಗೆ ಫೋನ್ ಹಚ್ಚಿ, ಏನೂ ಹೇಳದೆ ವೇದಿಕೆಯ ಕಡೆ ಎತ್ತಿ ಹಿಡಿದೆ. ಹಾಡು ಮುಗಿದ ಮೇಲೆ ಕಿವಿಗೆ ಇಟ್ಟುಕೊಂಡೆ, ಅವನ ಸಂಕಟ ಕೇಳಲು.

"ಪಟ್ಟಿ ಇಳಿಸ್ಯಾರಲೇ ಮೌಲ್ಯಾ," ಎಂದ ಬಸು. ಅವನ ಬಾಯಲ್ಲಿ ನಾನು ಮೊದಲಿನಿಂದಲೂ ಮೌಲ್ಯಾ. "ಮೊದಲಿನಕಿಂತ ಒಂದ ಪಟ್ಟಿ ಕೆಳಗ ನುಡಸಾಕತ್ತಾರ. ಹಾಡಾವಗ ವಯಸ್ಸಾತು, ಮ್ಯಾಲಿನ ಸ್ವರ ಮುಟ್ಟಾಂಗಿಲ್ಲ. ಆದ್ರೂ ಛಲೋ ಐತಿ ಬಿಡ."

ಪಟ್ಟಿ ಎಂದರೆ ಪೇಟಿಯವರ ಮಾತಿನಲ್ಲಿ ಶ್ರುತಿ. ಅದು ಇಳಿದದ್ದು ಎದುರಿಗೆ ನಿಂತ ನನಗೆ ತಿಳಿದೇ ಇರಲಿಲ್ಲ. ಅಷ್ಟರಲ್ಲಿ ಫೋನಿನೊಳಗಿಂದ ಇನ್ನೊಂದು ದನಿ ಬಂತು.

"ಬಸೂ, ಇನ್ನೊಂದ ರೊಟ್ಟಿ ಹಾಕ್ಲೇನ? ಬಿಸಿ ಐತಿ."

ಅದು ನನ್ನ ಅಮ್ಮಿಯ ದನಿ.

"ನೀ ನಮ್ಮನ್ಯಾಗ ಅದಿಯೇನಲೇ?"

"ಹೂಂ, ಐತವಾರ ಅಲ್ಲೇನ? ಚಾಚೀದು ಫೋನ್ ಚಾರ್ಜ್ ಆಗವಲ್ದಾಗಿತ್ತು, ರಿಪೇರಿ ಮಾಡಾಕ ಬಂದಿದ್ದೆ. ಉಂಡ ಹೋಗು ಅಂದ್ರು." ನನ್ನ ಅಮ್ಮಿ ಅವನಿಗೆ ಚಾಚಿ. ತುತ್ತು ನುಂಗಿ ಹೇಳಿದ: "ನೀ ಅಲ್ಲಿಗೆ ಹೊಂಟಿದ್ದು ಚಾಚಿ ಹೋದ ವಾರಾನ ಹೇಳಿದ್ರು. ನೀನಾಗೇ ಹೇಳ್ತಿ ಅಂತ ಕಾದ್ನಿ. ಸಿಟ್ಟ ಬಂದಿತ್ತು ಖರೆ."

"ತಪ್ಪಾತು ಬಸ್ಯಾ."

"ಆತಾತು. ಮುಂದಿನ ಹಾಡ ಚಾಲೂ ಆತು ನೋಡ. ಫೋನ್ ಮ್ಯಾಲ ಹಿಡಿ!"

ನಾನು ಕೂಡಲೇ ಹಿಡಿಯಲಿಲ್ಲ. ಒಂದು ಕಿವಿಗೆ ಬೆರಳು ತುರುಕಿ, ಇನ್ನೊಂದಕ್ಕೆ ಫೋನ್ ಒತ್ತಿಕೊಂಡು, ಅಮ್ಮಿ ಅವನ ತಾಟಿಗೆ ಪಲ್ಯ ಏನು ನೀಡುತ್ತಿದ್ದಾಳೆ ಎಂದು ಕೇಳಿಸಿಕೊಳ್ಳಲು ಹೆಣಗುತ್ತಿದ್ದೆ. ಹರೆಯದಿಂದ ಕಾದ ಹಾಡು ಎದುರಿಗೇ ನಡೆದಿತ್ತು, ನನಗೆ ಬೇಕಿದ್ದುದು ಕೊಣ್ಣೂರಿನ ಅಡುಗೆಮನೆಯ ಸದ್ದು. ಅವನಿಗೆ ಬೇಕಿದ್ದುದು ನಾನು ನಿಂತ ಜಾಗ. ಇಬ್ಬರ ನಡುವೆ ಇದ್ದುದು ಒಂದೇ ಫೋನು.

"ಹಿಡಿಯೋ!" ಎಂದು ಅವನು ಮತ್ತೆ ಒದರಿದ.

ಹಿಡಿದೆ. ಕೈ ಸೋತರೂ ಇಳಿಸಲಿಲ್ಲ. ತುತ್ತು ಕೈಯಲ್ಲೇ ಹಿಡಿದುಕೊಂಡು, ಉಣ್ಣುವುದು ಮರೆತು ಅವನು ಕೇಳುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ನನ್ನ ಅಮ್ಮಿ ಬಡಿದ ರೊಟ್ಟಿ, ಅವನ ಮುಂದೆ ಸುಮ್ಮನೆ ಆರುತ್ತಿತ್ತು.

"ರೊಟ್ಟಿ ಆರತೈತಿ, ತಿನ್ನಲೇ!" ಎಂದು ಗಂಟಲು ಹರಿಯುವಂತೆ ಒದರಿದೆ. ಸುತ್ತಲಿದ್ದವರೆಲ್ಲ ಹುರುಪಿನಿಂದ ಮುಷ್ಟಿ ಎತ್ತಿ ನನ್ನ ಜೊತೆ ಒದರಿದರು.