ಗರ್ಭಕೋಶದ ಆಪರೇಷನ್

ಈಗಲೂ ಭಾವನ ಮುಖ ಕಂಡರೆ ನನಗೆ ಮೈಯೆಲ್ಲ ಉರೀತದೆ. ಅಕ್ಕನಿಗೆ ಕ್ಯಾನ್ಸರ್ ಆಗಿ ಒಂದು ಮೊಲೆ ತೆಗೆದಾಗ, ಹರಿಹರದ ಓಣಿಗೆಲ್ಲ "ಗರ್ಭಕೋಶದ ಆಪರೇಷನ್" ಅಂತ ಹೇಳಿಕೊಂಡು ತಿರುಗಿದ್ದು ಈ ಮಹಾನುಭಾವನೇ. ಮಗಳಿಗೆ ಗಂಡು ನೋಡ್ತಿದ್ದರಲ್ಲ, ತಾಯಿಗೆ ಕ್ಯಾನ್ಸರ್ ಅಂದರೆ ಯಾರು ಹೆಣ್ಣು ತಗೊಳ್ತಾರೆ ಅಂತ! ಅಕ್ಕ ಕುಪ್ಪಸದೊಳಗೆ ಬಟ್ಟೆ ಮಡಚಿಟ್ಟುಕೊಂಡು ಓಡಾಡಿದಳು. ಕೊಕ್ಕನೂರಿನವರು ಬಂದು ಹುಡುಗಿ ಒಪ್ಪಿದರು. ಮಗಳ ಮದುವೆ ಕಣ್ತುಂಬ ನೋಡಬೇಕು, ಅಷ್ಟೇ ಅವಳ ಆಸೆ.

ನಿಶ್ಚಯ ಆದಮೇಲೆ ಅವಳಿಗೆ ತಲೆನೋವು ಶುರುವಾಯಿತು. ಎದ್ದ ಕೂಡಲೇ ವಾಂತಿ. "ಪಿತ್ತ," ಅಂದ ಭಾವ. ಒಂದು ಎರಡಾಗಿ ಕಾಣೋಕೆ ಹತ್ತಿದಾಗ ನಾನೇ ಜಗಳಾಡಿ ದಾವಣಗೆರೆಗೆ, ನರರೋಗದ ಡಾಕ್ಟರ ಹತ್ತಿರ ಹೊರಡಿಸಿದೆ. ಅಕ್ಕನ ಜೊತೆ ಒಳಗೆ ಭಾವ ಹೋದ, ನನ್ನನ್ನು ಹೊರಗೆ ಕೂರಿಸಿದ. ಅರೆತಲೆನೋವಿನ ಮಾತ್ರೆ ಹಿಡಿದು ಬಂದ.

ದಿನಾ ಮಾತ್ರೆ ನುಂಗುತ್ತಿದ್ದರೂ ಅಕ್ಕನ ಕಾಲು ಸೋತವು. ಎರಡನೇ ಸಲ ನಾನೇ ಒಳಗೆ ನುಗ್ಗಿದೆ. ಡಾಕ್ಟರು, "ಹಿಂದೆ ಗರ್ಭಕೋಶದ ಆಪರೇಷನ್ ಒಂದೇ ಅಲ್ವಾ?" ಅಂದರು.

"ಯಾರ್ರೀ ಹೇಳಿದ್ದು? ಎದೆ ಕ್ಯಾನ್ಸರ್ ಆಗಿತ್ರಿ!" ಅಂತ ಕೂಗಿದೆ.

"ಮೆಲ್ಲಗೆ," ಅಂದ ಭಾವ. ಬಾಗಿಲಲ್ಲಿ ಹೆಸರು ಕೂಗುವ ಹುಡುಗಿ ಬೀಗರ ಕಡೆಯವಳಂತೆ!

ಸ್ಕ್ಯಾನ್ ಮಾಡಿ, ಬೆನ್ನಿನಿಂದ ನೀರು ತೆಗೆದು ನೋಡಿದ ಮೇಲೆ ಡಾಕ್ಟರು ಹೇಳಿದರು: "ಮೆದುಳಿನ ಸುತ್ತ ತೆಳುವಾದ ಪೊರೆಗಳು ಇರ್ತಾವೆ. ಅವುಗಳ ನಡುವೆ ಓಡಾಡೋ ನೀರು ಬೆನ್ನುಹುರಿಗೂ ಇಳೀತದೆ. ಎದೆಯ ಕ್ಯಾನ್ಸರ್ ಕಣ ರಕ್ತದಾಗೆ ಬಂದು ಆ ನೀರಿಗೆ ಸೇರ್‍ಯಾವೆ. ನೀರು ಹೋದಲ್ಲೆಲ್ಲ ಅವೂ ಹೋಗಿ ಪೊರೆಗೆ ಅಂಟಿಕೊಂಡಾವೆ. ಒಂದು ಗಡ್ಡೆ ಆಗಿದ್ರೆ ತೆಗೀಬಹುದಿತ್ತು."

"ಮೊದ್ಲೇ ಹೇಳಿದ್ರೆ?"

"ವಾಸಿ ಆಗ್ತಿರಲಿಲ್ಲಮ್ಮ. ಕಣ್ಣು, ಕಾಲು ಒಂದಷ್ಟು ದಿನ ಉಳಿಸ್ಬಹುದಿತ್ತೇನೋ."

ಹೊರಗೆ ಬಂದು ಭಾವನಿಗೆ ಬಾಯಿಗೆ ಬಂದ ಹಾಗೆ ಬೈದೆ. "ಮಗಳ ಬಾಳು ನೋಡಬೇಕಲ್ಲ," ಅಂದ. "ಅಕ್ಕನ್ದು ಬಾಳಲ್ವಾ?" ಅಂದೆ.

ಸುದ್ದಿ ತಿಳಿದು ಬೀಗಿತ್ತಿ ನೋಡೋಕೆ ಬಂದಳು. ಮಂಚದ ಹತ್ತಿರ ಕೂತು, "ಮುಚ್ಚಿಟ್ಟಿದ್ಯಾಕ್ರಿ? ಹೆಣ್ಣು ನೋಡೋಕೆ ಬಂದ ದಿನಾನೇ ನಂಗೆ ತಿಳೀತು. ಕುಪ್ಪಸ ನೋಡಿದ್ರೆ ಹೆಂಗಸ್ರಿಗೆ ತಿಳಿಯಲ್ವಾ? ನಿಮಗೆ ಮುಜುಗರ ಬ್ಯಾಡ ಅಂತ ನಾವೂ ಸುಮ್ನಿದ್ವಿ," ಅಂದಳು.

ಬೀಗರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವರು ಡಾಕ್ಟರೊಬ್ಬರೇ.

ಅಕ್ಕ ಕಣ್ಣು ಬಿಟ್ಟುಕೊಂಡೇ ದನಿ ಬಂದ ಕಡೆ ಮುಖ ತಿರುಗಿಸಿ, "ಯಾರೇ ಬಂದಿರೋದು?" ಅಂತ ನನ್ನ ಕೇಳಿದಳು. ಮದುವೆ ಇನ್ನೂ ಆಗಿರಲಿಲ್ಲ.